ದೋಸೆಯ ಕಾವಲಿಯೂ ಇಂಜಿನಿಯರಿಂಗ್ ತರಗತಿಯೂ

ಮಾಟುಂಗಾ ಸ್ಟೇಷನ್ನಿನಿಂದ ಹೊರಬಿದ್ದು ನಾಲ್ಕು ಹೆಜ್ಜೆ ನಡೆದರೆ ನಮ್ಮವರ ಹೋಟೆಲುಗಳ ಒಗ್ಗರಣೆಯ ಪರಿಮಳವು ಮೂಗಿಗೆ ತಾಗುವುದೆಂಬುದನ್ನು ಮುಂಬಯಿಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಅದೇ ಮಾಟುಂಗಾದಲ್ಲಿ, ಈ ಹೋಟೆಲುಗಳಿಗೆ ಹೆಚ್ಚು ದೂರವಲ್ಲದ ಸ್ಥಳದಲ್ಲಿ, 1887ರಲ್ಲಿ ಸ್ಥಾಪನೆಗೊಂಡ ಪ್ರಸಿದ್ಧ ಯಂತ್ರವಿದ್ಯಾ ಸಂಸ್ಥೆಯಾದ ವಿ.ಜೆ.ಟಿ.ಐ. ಇದೆ. ದೋಸೆಯೂ ಯಂತ್ರವಿದ್ಯೆಯೂ ಹೀಗೆ ನೆರೆಹೊರೆಯಾಗಿ ಬಾಳುತ್ತ ಬಂದಿದ್ದರೂ ಅವೆರಡಕ್ಕೆ ಏನಾದರೂ ಸಂಬಂಧವುಂಟೇ ಎಂದು ನಾವು ಎಂದೂ ಯೋಚಿಸಿದವರಲ್ಲ. ಕಳೆದ ತಿಂಗಳು ಅಂಥ ಯೋಚನೆಗೆ ಕಾರಣವಾದ ಪ್ರಸಂಗವೊಂದು ಒದಗಿತು.

ಅಲ್ಲಿಯ ಒಂದು ಹೋಟೆಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ದೋಸೆಯ ಕಾವಲಿಯ ಮುಂದೆ ನಿಂತು ದುಡಿಯುತ್ತಿರುವ ಪರಿಚಿತರೊಬ್ಬರು ನಮಗಿದ್ದಾರೆ. ಹೆಸರನ್ನು ಪತ್ರಿಕೆಯಲ್ಲಿ ಹಾಕಬಾರದೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿ ಭಟ್ಟರೆಂದಷ್ಟೇ ಕರೆಯುತ್ತೇವೆ. ಕುಂದಾಪುರದ ಕಡೆಯವರು. ಏಳನೆಯ ತರಗತಿಗೆ ಶಾಲೆ ಬಿಟ್ಟು ಬಸ್ಸು ಹತ್ತಿದವರು. ಮೊದಲು ಲೋಟ ತೊಳೆದು, ಬಳಿಕ ಟೇಬಲು ಒರಸಿ, ಚಟ್ನಿಗೆ ಕಾಯಿ ತುರಿದು, ಕೊನೆಗೆ ಕಾವಲಿಯನ್ನು ಹಿಡಿದವರು. ಅವರ ಒಬ್ಬನೇ ಮಗನು ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಇಂಗ್ಲಿಷಿನ ಕಷ್ಟವನ್ನೆಲ್ಲ ನುಂಗಿಕೊಂಡು, ಈಗ ನಗರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷದಲ್ಲಿದ್ದಾನೆ. (ಅದು ಮೇಲೆ ಹೇಳಿದ ಸಂಸ್ಥೆಯಲ್ಲ.) ಫೀಸಿಗಾಗಿ ಊರಿನ ಅಡಿಕೆ ತೋಟದ ಮೇಲೆ ಸಾಲವಾಗಿದೆ. ಹೀಗಿರಲು ಕಳೆದ ಪರೀಕ್ಷೆಯಲ್ಲಿ ಹುಡುಗನು ಎರಡು ವಿಷಯಗಳಲ್ಲಿ ಸೋತನು: ಪ್ರೋಗ್ರಾಮಿಂಗ್ ಒಂದು, ಕಂಟ್ರೋಲ್ ಸಿಸ್ಟಮ್ಸ್ ಇನ್ನೊಂದು. ಮುಂಬಯಿಯ ವಿದ್ಯಾರ್ಥಿಗಳ ಮಾತಿನಲ್ಲಿ ಹೇಳುವುದಾದರೆ ಎರಡು ‘ಕೆ.ಟಿ.’ ಬಿದ್ದವು.

“ಅವ ಓದುವುದು ಎಂತದು ಅಂತಲೇ ನನಗೆ ಗೊತ್ತಿಲ್ಲ ಮಾರಾಯ್ರೆ. ಬೈಯುವುದಾದರೂ ಹೇಗೆ? ಕಾಲೇಜು ಬಿಟ್ಟು ಗಲ್ಲೆಯಲ್ಲಿ ಕೂತುಕೊಳ್ಳುತ್ತೇನೆ ಅಂತಾನೆ. ನೀವೊಮ್ಮೆ ಬಂದು ನೋಡಿ, ಅದೆಂತದು ಅಂತ ನನಗೆ ಕನ್ನಡದಲ್ಲಿ ಹೇಳಿ” ಎಂದರು ಭಟ್ಟರು.

ನಾವೇನೂ ಯಂತ್ರಶಾಸ್ತ್ರಜ್ಞರಲ್ಲ. ಆದರೂ ಭಟ್ಟರ ರಜೆಯ ದಿನ ಸಂಜೆ ಡೊಂಬಿವಿಲಿಯ ಅವರ ಕೋಣೆಗೆ ಹೋದೆವು. ಮಾಣಿಯು ಮೊದಮೊದಲು ಮುಖ ತಗ್ಗಿಸಿ ಕುಳಿತಿದ್ದನು. ಆಮೇಲೆ ನಾವು ಪರೀಕ್ಷಕರಲ್ಲವೆಂಬುದು ಖಾತ್ರಿಯಾದ ಮೇಲೆ ಮಂಚದ ಕೆಳಗಿನಿಂದ ತನ್ನ ಸರಂಜಾಮನ್ನು ಹೊರತೆಗೆದನು: ಒಂದು ಲೀಟರು ನೀರು ಹಿಡಿಯುವ ಸ್ಟೀಲಿನ ಪಾತ್ರೆ, 500 ವ್ಯಾಟಿನ ಒಂದು ಹೀಟರು, ನೀರಿನ ಉಷ್ಣತೆಯನ್ನು ಅಳೆಯುವ ಬೆರಳುದ್ದದ ಕಡ್ಡಿ, ಮತ್ತು ಅಂಗೈಯಲ್ಲಿ ಹಿಡಿಸುವ ನೀಲಿ ಬಣ್ಣದ ಒಂದು ವಿದ್ಯುತ್ ಹಲಗೆ. ಕಾಲೇಜಿನಲ್ಲಿ ಕೊಟ್ಟಿದ್ದ ಕೆಲಸವು ಕೇಳುವುದಕ್ಕೆ ತೀರ ಸುಲಭವಾದದ್ದು. ಪಾತ್ರೆಯ ನೀರನ್ನು 60 ಡಿಗ್ರಿಗೆ ತಂದು ಅಲ್ಲಿಯೇ ನಿಲ್ಲಿಸಬೇಕು. ಮನುಷ್ಯರಾರೂ ಕೈ ಹಾಕಬಾರದು.

ಆ ನೀಲಿ ಹಲಗೆಗೆ ಆರ್ಡುಯಿನೊ ಎಂದು ಹೆಸರು. ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯಲ್ಲಿ ಒಂದು ಚಿಕ್ಕ ಗಣಕಯಂತ್ರವಿರಬೇಕೆಂದು ಇಟಲಿಯ ಇವ್ರೇಆ ಎಂಬ ಊರಿನ ಕೆಲವು ಅಧ್ಯಾಪಕರೂ ವಿದ್ಯಾರ್ಥಿಗಳೂ 2005ರಲ್ಲಿ ಇದನ್ನು ರೂಪಿಸಿದರು. ತಾವು ಸೇರುತ್ತಿದ್ದ ಒಂದು ಪಾನಗೃಹದ ಹೆಸರನ್ನೇ ಅವರು ಅದಕ್ಕಿಟ್ಟರೆಂಬುದು ಹೋಟೆಲು ವ್ಯವಸಾಯದ ನಮ್ಮ ವಾಚಕರಿಗೆ ಸಂತೋಷ ಕೊಡಬಹುದಾದ ಸಂಗತಿ. ಈ ಹಲಗೆಯ ಸಾಮಾನ್ಯ ಮಾದರಿಯಲ್ಲಿ ಆಜ್ಞೆಗಳನ್ನು ಬರೆದಿಡಲು 32 ಕಿಲೋಬೈಟಿನಷ್ಟು ಸ್ಥಳವಿದೆ. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಪೂರ್ಣಗೊಂಡ ಟಿಫ್ರಾಕ್ ಎಂಬ ಗಣಕಯಂತ್ರವು ಇಡೀ ಕೋಣೆಯನ್ನು ಆಕ್ರಮಿಸಿದ್ದು, ಅದರ ನೆನಪಿನ ಭಂಡಾರವು 40 ಬಿಟ್ಟುಗಳ 2,048 ಪದಗಳಷ್ಟಿತ್ತು; ಈಗಿನ ಲೆಕ್ಕದಲ್ಲಿ ಅದು 10 ಕಿಲೋಬೈಟು. ಅಂದು ದೇಶದ ವಿಜ್ಞಾನಿಗಳು ಸರದಿಯಲ್ಲಿ ಕಾಯುತ್ತಿದ್ದ ಯಂತ್ರಕ್ಕಿಂತ ಹೆಚ್ಚು ಬರೆದಿಡಬಹುದಾದ ಹಲಗೆಯು ಇಂದು ಡೊಂಬಿವಿಲಿಯ ಒಂದು ಕೋಣೆಯಲ್ಲಿ ಮಂಚದ ಕೆಳಗೆ ಬಿದ್ದಿರುತ್ತದೆ.

ಆದರೆ ಯಂತ್ರವು ಎಷ್ಟು ಚಿಕ್ಕದಾದರೂ ಅದರ ಸ್ವಭಾವವೇನೂ ಬದಲಾಗಿಲ್ಲ. ಹೇಳಿದ್ದನ್ನೇ ಮಾಡುವುದು, ಹೇಳದಿದ್ದುದನ್ನು ಮಾಡದಿರುವುದು ಅದರ ವ್ರತ. ಆ ಹೇಳಿಕೆಯನ್ನು ಬರೆಯುವುದೇ ಪ್ರೋಗ್ರಾಮಿಂಗ್. ಹುಡುಗನು ಬರೆದದ್ದು ‘ಸಿ’ ಎಂಬ ಒಂದಕ್ಷರದ ಹೆಸರಿನ ಭಾಷೆಯಲ್ಲಿ. ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು 1972ರ ಸುಮಾರಿಗೆ ರಚಿಸಿದ ಈ ಭಾಷೆಯು ಇಂದಿಗೂ ಇಂಜಿನಿಯರಿಂಗ್ ತರಗತಿಗಳಲ್ಲಿ ನಡೆಯುತ್ತಿದೆ. ಅವನ ಬರವಣಿಗೆಯ ಸಾರಾಂಶವಿಷ್ಟೆ: ನೀರಿನ ಉಷ್ಣತೆಯನ್ನು ಓದು, 60ರಿಂದ ಅದನ್ನು ಕಳೆ, ಉಳಿದ ಕೊರತೆಯನ್ನು ಅರ್ಧ ಮಾಡು, ಹತ್ತು ಸೆಕೆಂಡುಗಳಲ್ಲಿ ಅಷ್ಟು ಸೆಕೆಂಡು ಹೀಟರನ್ನು ಉರಿಸು, ಪುನಃ ಮೊದಲಿನಿಂದ ಆರಂಭಿಸು. ಕೊರತೆ ಹೆಚ್ಚಿದ್ದಾಗ ಹೆಚ್ಚು ಉರಿ, ಕಡಿಮೆಯಾದಾಗ ಕಡಿಮೆ ಉರಿ. ನಮಗಂತೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಾಲೇಜಿನ ಪ್ರಾತ್ಯಕ್ಷಿಕೆಯ ದಿನ ಹೀಟರು ಉರಿಯಲೇ ಇಲ್ಲ! ಅರ್ಧ ಗಂಟೆ ಕಳೆದರೂ ನೀರು ತಣ್ಣಗೆ ಕುಳಿತಿತ್ತು. ತಂತಿಗಳನ್ನು ಬದಲಾಯಿಸಿದನು, ಹಲಗೆಯನ್ನು ಬದಲಾಯಿಸಿದನು, ಪಕ್ಕದ ಹುಡುಗರು ನಕ್ಕರು. ಕಾರಣವು ಅವನಿಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅರ್ಧವೆಂಬುದನ್ನು ಅವನು ‘ಒಂದು ಭಾಗಿಸು ಎರಡು’ ಎಂದು ಬರೆದಿದ್ದನು. ‘ಸಿ’ ಭಾಷೆಯ ನಿಯಮದಂತೆ ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ ಆಗಬೇಕು. ದಶಾಂಶದ ಭಾಗವು ಬಿಟ್ಟುಹೋಗುತ್ತದೆ. ಆದುದರಿಂದ ಒಂದನ್ನು ಎರಡರಿಂದ ಭಾಗಿಸಿದರೆ ಯಂತ್ರಕ್ಕೆ ಸಿಗುವುದು ಸೊನ್ನೆ. ಕೊರತೆ ಎಷ್ಟೇ ಇರಲಿ, ಸೊನ್ನೆಯಿಂದ ಗುಣಿಸಿದ ಮೇಲೆ ಹೀಟರಿನ ಪಾಲಿಗೆ ಬರುವುದೇನು? ಲೆಕ್ಕದ ಪುಸ್ತಕದಲ್ಲಿ ಪೈಸೆಗಳನ್ನೆಲ್ಲ ಬಿಟ್ಟು ರೂಪಾಯಿಗಳನ್ನು ಮಾತ್ರ ಎತ್ತಿ ಬರೆಯುವ ಗುಮಾಸ್ತನ ಕೈಗೆ ಐವತ್ತು ಪೈಸೆಯ ಚೀಟಿಗಳನ್ನೇ ಕೊಟ್ಟಂತೆ ಆಯಿತು. ‘ಒಂದು’ ಎಂಬುದನ್ನು ‘1.0’ ಎಂದು ತಿದ್ದಿದೊಡನೆ ಹೀಟರು ಉರಿಯಿತು. ಒಂದು ಚುಕ್ಕೆ, ಒಂದು ಸೊನ್ನೆ. ಅಷ್ಟರ ಮೇಲೆ ಒಂದು ಕೆ.ಟಿ.

ಇಲ್ಲಿ ನಮ್ಮದೊಂದು ಮಾತು. ಈ ಹುಡುಗನಿಗೆ ಪ್ರೋಗ್ರಾಮಿಂಗ್ ಕಲಿಸಿದ್ದು ಬಹುಮಟ್ಟಿಗೆ ಕಪ್ಪುಹಲಗೆಯ ಮೇಲೆ. ಮೂವರಿಗೊಂದು ಗಣಕಯಂತ್ರ, ಅದರ ಕೀಲಿಗಳ ಮೇಲೆ ಬೆರಳಾಡಿಸುವ ಯೋಗವು ಇಂಗ್ಲಿಷು ಬಲ್ಲ, ಬಾಯಿ ಜೋರಿರುವ ಹುಡುಗರಿಗೆ. ಉಳಿದವರು ಪ್ರೋಗ್ರಾಮುಗಳನ್ನು ಮಂತ್ರದಂತೆ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಈಜನ್ನು ದಡದಲ್ಲಿ ಕುಳಿತು ಉರುಹೊಡೆದವನು ನೀರಿಗಿಳಿದಾಗ ಮುಳುಗಿದರೆ ತಪ್ಪು ಅವನೊಬ್ಬನದೇ ಎಂದು ನಾವು ಒಪ್ಪಲಾರೆವು.

ಇನ್ನು ಎರಡನೆಯ ವಿಷಯ. ಕಂಟ್ರೋಲ್ ಸಿಸ್ಟಮ್ಸ್ ಎಂಬ ಹೆಸರಿಗೆ ಹೆದರಬೇಕಾಗಿಲ್ಲ. ಫಲವನ್ನು ಅಳೆದು ನೋಡಿ, ಅದಕ್ಕೆ ತಕ್ಕಂತೆ ಕಾರಣವನ್ನು ತಿದ್ದುತ್ತಿರುವುದೇ ಈ ವಿದ್ಯೆಯ ತಿರುಳು. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ನಾವು ವಾಸಿಸುವ ಚಾಳಿನ ಮಾಳಿಗೆಯ ನೀರಿನ ಟಾಕಿಯಲ್ಲಿ ತೇಲುವ ಚೆಂಡು ಮೇಲೇರಿ ತಾನಾಗಿ ನೀರನ್ನು ನಿಲ್ಲಿಸುವುದು ಫೀಡ್‌ಬ್ಯಾಕ್. ಫ್ರಿಜ್ಜು ತನ್ನಷ್ಟಕ್ಕೆ ಗುಂಯ್ಗುಟ್ಟಿ ಸುಮ್ಮನಾಗುವುದೂ ಅದೇ. ಆದರೆ ಫ್ಯಾನಿನ ರೆಗ್ಯುಲೇಟರು, ಹೆಸರು ಎಷ್ಟೇ ದೊಡ್ಡದಿದ್ದರೂ, ಈ ಜಾತಿಗೆ ಸೇರಿದ್ದಲ್ಲ. ಕೋಣೆಯ ಸೆಕೆಯು ಅದಕ್ಕೆ ತಿಳಿಯದು, ಎದ್ದುಹೋಗಿ ತಿರುಗಿಸಬೇಕಾದವರು ನಾವೇ.

ಭಟ್ಟರ ಕಾವಲಿಯ ಸಂಗತಿಯೇನು? ಇಡ್ಲಿಗೆ ನಿಸರ್ಗವೇ ಕಾವಲುಗಾರ. ತೆರೆದ ಪಾತ್ರೆಯಲ್ಲಿ ಕುದಿಯುವ ನೀರು, ಸಮುದ್ರದಂಡೆಯ ನಮ್ಮ ಊರುಗಳಲ್ಲಿ, ಉರಿ ಎಷ್ಟೇ ಜೋರಾಗಿರಲಿ, ಸುಮಾರು 100 ಡಿಗ್ರಿಯನ್ನು ಮೀರುವುದಿಲ್ಲ. ಹೆಚ್ಚಿನ ಗ್ಯಾಸು ಬರಿಯ ಹಬೆಯಾಗಿ ಹೋಗುತ್ತದೆ. ಆದರೆ ದೋಸೆಯ ಕಾವಲಿಗೆ ಅಂಥ ಮಿತಿಯಿಲ್ಲ. ಕಾವು ಸಾಲದಿದ್ದರೆ ದೋಸೆ ಏಳದು. ಅತಿಯಾದರೆ ಹಿಟ್ಟು ಹರಡದೆ ಸೌಟಿಗೇ ಕಿತ್ತು ಬರುವುದು. ಆದುದರಿಂದ ಭಟ್ಟರು ಒಂದು ಚಿಮುಕು ನೀರನ್ನು ಎರಚುತ್ತಾರೆ, ಚುಂಯ್ ಎಂಬ ಸದ್ದನ್ನು ಕೇಳುತ್ತಾರೆ, ಹಿಡಿಸೂಡಿಯಿಂದ ಗುಡಿಸುತ್ತಾರೆ, ಗ್ಯಾಸಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅತಿ ಕಾದ ಕಾವಲಿಯ ಮೇಲೆ ನೀರಿನ ಹನಿಯು ಆರಿಹೋಗದೆ ಮುತ್ತಿನಂತೆ ಉರುಳಾಡುವುದನ್ನು ನಮ್ಮವರು ದಿನಾಲೂ ಕಾಣುತ್ತಾರೆ; ಹನಿಯ ಕೆಳಗೆ ಹಬೆಯ ತೆಳುವಾದ ಹಾಸು ಹುಟ್ಟುವುದೇ ಅದರ ಕಾರಣ. ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯರು 1756ರಲ್ಲಿ ಇದರ ವರ್ಣನೆಯನ್ನು ಪ್ರಕಟಿಸಿದ್ದರಿಂದ ಆ ಚಮತ್ಕಾರಕ್ಕೆ ಅವರ ಹೆಸರು ಬಂದಿದೆ. ಸದ್ದು ಕೇಳುವುದು ಅಳತೆ. ತಿರುಪು ತಿರುಗಿಸುವುದು ತಿದ್ದುಪಡಿ. ಪಾಠಪುಸ್ತಕದ ಚಿತ್ರದಲ್ಲಿ ಇದಕ್ಕಿಂತ ಹೆಚ್ಚೇನೂ ಇಲ್ಲ.

ಈ ಮಾತನ್ನು ನಾವು ಭಟ್ಟರನ್ನು ಮೆಚ್ಚಿಸುವುದಕ್ಕಾಗಿ ಹೇಳುತ್ತಿಲ್ಲ. ಈ ಶಾಸ್ತ್ರದ ಒಂದು ಮುಖ್ಯ ಸೂತ್ರವು ಕೈಗೆಲಸದವರನ್ನು ನೋಡಿಯೇ ಹುಟ್ಟಿತು. ರಷ್ಯದಲ್ಲಿ ಜನಿಸಿ ಅಮೆರಿಕಕ್ಕೆ ಬಂದಿದ್ದ ನಿಕೊಲಾಸ್ ಮಿನೋರ್ಸ್ಕಿ ಎಂಬ ಇಂಜಿನಿಯರರು ಹಡಗುಗಳನ್ನು ತಾವಾಗಿ ನಡೆಯುವಂತೆ ಮಾಡುವ ಉಪಾಯವನ್ನು ಹುಡುಕುತ್ತ, ಚುಕ್ಕಾಣಿ ಹಿಡಿದ ಅನುಭವಿ ನಾವಿಕನು ಏನು ಮಾಡುತ್ತಾನೆಂಬುದನ್ನು ಗಮನಿಸಿದರು. ಹಡಗು ಈಗ ಎಷ್ಟು ದಾರಿ ತಪ್ಪಿದೆ ಎಂಬುದನ್ನಷ್ಟೇ ಅವನು ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ತಪ್ಪುತ್ತ ಬಂದಿದೆ, ಯಾವ ವೇಗದಿಂದ ತಪ್ಪುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. 1922ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮಿನೋರ್ಸ್ಕಿಯವರು ಈ ಮೂರನ್ನೂ ಗಣಿತಕ್ಕಿಳಿಸಿದರು. ಈಗಿನ ತಪ್ಪು, ಕೂಡಿಬಂದ ತಪ್ಪು, ತಪ್ಪಿನ ವೇಗ. ಇಂದಿನ ಕಾರ್ಖಾನೆಗಳಲ್ಲಿ ‘ಪಿ.ಐ.ಡಿ.’ ಎಂದು ಕರೆಯಿಸಿಕೊಳ್ಳುವ ಸೂತ್ರವು ಇದೇ. ‘ನ್ಯೂ ಮೆಕ್ಸಿಕೊ’ ಎಂಬ ಯುದ್ಧನೌಕೆಯ ಮೇಲೆ ಅದರ ಪರೀಕ್ಷೆಯೂ ನಡೆಯಿತು. ಆದರೆ ನೌಕೆಯ ಸಿಬ್ಬಂದಿಯ ವಿರೋಧದಿಂದಾಗಿ ನೌಕಾದಳವು ಆಗ ಅದನ್ನು ಸ್ವೀಕರಿಸಲಿಲ್ಲವಂತೆ. ಚುಕ್ಕಾಣಿಯವರ ಸಂಕಟವು ನಮಗೆ ಅರ್ಥವಾಗದ್ದಲ್ಲ. ಬೆಂಗಳೂರಿನಲ್ಲಿ ದೋಸೆ ಹುಯ್ಯುವ ಯಂತ್ರಗಳು ತಯಾರಾಗಿ ಮಾರಾಟಕ್ಕೂ ಬಂದಿರುವುದನ್ನು ಭಟ್ಟರೇ ನಮಗೆ ಹೇಳಿದರು. ಹೇಳುವಾಗ ಅವರು ನಗುತ್ತಿರಲಿಲ್ಲ.

ಮತ್ತೆ ಹುಡುಗನ ಪಾತ್ರೆಗೆ ಬರೋಣ. ಹೀಟರು ಉರಿಯತೊಡಗಿದ ಮೇಲೂ ಅವನ ತೊಂದರೆ ಮುಗಿಯಲಿಲ್ಲ. ನೀರು 56 ಡಿಗ್ರಿಗೆ ಬಂದು ನಿಂತುಬಿಟ್ಟಿತು. ಗಂಟೆ ಕಳೆದರೂ ಮುಂದೆ ಹೋಗಲೊಲ್ಲದು. ಇದಕ್ಕೆ ಹುಡುಗನು ಕೊಟ್ಟ ವಿವರಣೆಯು ನಮಗೆ ಬಹಳ ಹಿಡಿಸಿತು. ಬಿಸಿನೀರಿನಿಂದ ಸುತ್ತಲಿನ ಗಾಳಿಗೆ ಸದಾ ಕಾವು ಸೋರಿಹೋಗುತ್ತಿರುತ್ತದೆ. ಆ ನಷ್ಟವನ್ನು ತುಂಬುವುದಕ್ಕೇ ಹತ್ತು ಸೆಕೆಂಡುಗಳಲ್ಲಿ ಎರಡು ಸೆಕೆಂಡು ಹೀಟರು ಉರಿಯಬೇಕು. ಕೊರತೆಯ ಅರ್ಧದಷ್ಟು ಸೆಕೆಂಡು ಉರಿಸೆಂದು ಅಪ್ಪಣೆಯಾಗಿರುವಾಗ, ಎರಡು ಸೆಕೆಂಡು ಉರಿಯಬೇಕಾದರೆ ನಾಲ್ಕು ಡಿಗ್ರಿ ಕೊರತೆ ಇರಲೇಬೇಕು. ಕೊರತೆ ತೀರಿದರೆ ಉರಿಯೂ ತೀರುತ್ತದೆ; ಆದುದರಿಂದ ಕೊರತೆ ತೀರುವುದೇ ಇಲ್ಲ. ತಿಂಗಳ ಕೊನೆಗೆ ಸಂಬಳ ಮುಗಿಯುವ ನಮ್ಮೆಲ್ಲರ ಸಂಸಾರದ ಜಾಡೂ ಹೀಗೆಯೇ ಅಲ್ಲವೆ?

ಸಿಟ್ಟಿನಿಂದ ಅವನು ಅರ್ಧವನ್ನು ತೆಗೆದು ಐದು ಎಂದು ಬರೆದನು. ಅಂದರೆ ಒಂದು ಡಿಗ್ರಿ ಕೊರತೆಗೆ ಐದು ಸೆಕೆಂಡು ಉರಿ. ಆಗ ನೀರು 60ನ್ನು ದಾಟಿ 65ಕ್ಕೆ ಹಾರಿತು. ಹೀಟರು ಆರಿ, ನೀರು ತಣಿದು, 56ಕ್ಕೆ ಇಳಿದು, ಪುನಃ ಮೇಲೇರಿತು. ತೊಟ್ಟಿಲಿನಂತೆ ತೂಗಾಟವೇ ಹೊರತು ನೆಲೆಯಿಲ್ಲ. ಇದೊಂದು ಹಳೆಯ ವ್ಯಾಧಿ. ಜೇಮ್ಸ್ ವ್ಯಾಟರು 1788ರಲ್ಲಿ ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡಲು ಎರಡು ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿದಂದಿನಿಂದ ಯಂತ್ರಗಳು ಹೀಗೆ ಕೆಲವು ಸಲ ನಿಲ್ಲದೆ ತೂಗಾಡುವುದು ಕಂಡುಬಂದಿತ್ತು. ಹಾಗೇಕೆಂಬುದನ್ನು ವಿಜ್ಞಾನಿ ಮ್ಯಾಕ್ಸ್‌ವೆಲ್ಲರು 1868ರ ತಮ್ಮ ಪ್ರಬಂಧದಲ್ಲಿ ಗಣಿತದಿಂದ ಪರಿಶೀಲಿಸಿದರು. ತಿದ್ದುಪಡಿಯು ಅತಿಯಾದರೆ, ಅದರ ಪರಿಣಾಮವು ತಡವಾಗಿ ಬಂದರೆ, ತಿದ್ದುವ ಕೈಯೇ ತಪ್ಪನ್ನು ಬೆಳೆಸುವುದು.

ತರಗತಿಯಲ್ಲಿ ಈ ಭಾಗವು ಆರಂಭವಾದದ್ದು ಲಾಪ್ಲಾಸ್ ಎಂಬ ಫ್ರೆಂಚ್ ಗಣಿತಜ್ಞರ ಹೆಸರಿನ ಕಠಿಣವಾದ ಲೆಕ್ಕಗಳಿಂದ. ಅವು ಬೇಡವೆಂದು ನಾವು ಹೇಳುವುದಿಲ್ಲ. ಸೇತುವೆ ಕಟ್ಟುವವನಿಗೆ ಅಳತೆಪಟ್ಟಿ ಬೇಕೇಬೇಕು. ಆದರೆ ಪಾತ್ರೆ, ನೀರು, ಕಾವಲಿಗಳ ಹೆಸರೆತ್ತದೆ ನೇರವಾಗಿ ಅಕ್ಷರಗಳ ಕಾಡಿಗೆ ನುಗ್ಗಿಸಿದರೆ, ಹುಡುಗರು ದಾರಿ ತಪ್ಪುವುದು ಸಹಜ. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣನಿಗೆ ಈ ವಿದ್ಯೆಯ ಇನ್ನೊಂದು ಮಹತ್ತರ ವಿಚಾರವು ಹೊಳೆದದ್ದು ತರಗತಿಯಲ್ಲಲ್ಲ. 1927ರ ಆಗಸ್ಟ್ 2ರ ಬೆಳಿಗ್ಗೆ, ನಮ್ಮ ಗುಮಾಸ್ತರು ಲೋಕಲ್ ಗಾಡಿಯಲ್ಲಿ ಹೋಗುವಂತೆ ಅವನು ಹಡ್ಸನ್ ನದಿಯನ್ನು ದಾಟುವ ದೋಣಿಯಲ್ಲಿ ಕಚೇರಿಗೆ ಹೋಗುತ್ತಿದ್ದನು. ದೂರದ ಊರುಗಳಿಗೆ ಟೆಲಿಫೋನಿನ ಧ್ವನಿಯನ್ನು ಕೆಡದಂತೆ ಮುಟ್ಟಿಸುವುದು ಹೇಗೆಂಬುದು ಅವನ ಚಿಂತೆಯಾಗಿತ್ತು. ಧ್ವನಿವರ್ಧಕದಿಂದ ಹೊರಬಂದದ್ದರ ಒಂದಂಶವನ್ನು ಹಿಂದಕ್ಕೆ ತಂದು ಒಳಬರುವುದರಿಂದ ಕಳೆದರೆ ದೋಷವು ತಾನಾಗಿ ಕುಗ್ಗುವುದೆಂದು ತಟ್ಟನೆ ಹೊಳೆದೊಡನೆ, ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಚಿತ್ರವನ್ನೂ ಸಮೀಕರಣವನ್ನೂ ಗೀಚಿದನು. ಅವನಿಗೆ ಪೇಟೆಂಟು ದೊರೆತದ್ದು 1937ರ ಡಿಸೆಂಬರಿನಲ್ಲಿ. ಅಧಿಕಾರಿಗಳನ್ನು ನಂಬಿಸುವುದಕ್ಕೆ ಒಂಬತ್ತು ವರ್ಷಗಳೇ ಹಿಡಿದವು. ವೃತ್ತಪತ್ರಿಕೆಯು ಓದಿದ ಮೇಲೂ ಉಪಯೋಗಕ್ಕೆ ಬರುವುದೆಂಬುದಕ್ಕೆ ನಾವು ಇದನ್ನು ಆಗಾಗ ಉದಾಹರಿಸಲಿದ್ದೇವೆ.

ಆ ಸಂಜೆ ಹುಡುಗನು ನಮ್ಮೆದುರಿಗೆ ಪಾತ್ರೆಯ ನೀರನ್ನು ಕಾಯಿಸತೊಡಗಿದನು. ಒಂದು ಲೀಟರು ನೀರನ್ನು 30 ಡಿಗ್ರಿಯಿಂದ 60ಕ್ಕೆ ಏರಿಸಲು 500 ವ್ಯಾಟಿನ ಹೀಟರಿಗೆ, ಸೋರುವ ಕಾವನ್ನು ಬಿಟ್ಟರೆ, ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಭಟ್ಟರು ಚಹಾದ ಲೋಟವನ್ನು ಹಿಡಿದು ಅಂಕಿಗಳನ್ನೇ ನೋಡುತ್ತಿದ್ದರು. 54, 55, 56. ಅಷ್ಟರಲ್ಲಿ ಅವರು “ಈಗಲೇ ಆರಿಸು ಮಾಣಿ” ಎಂದರು.

“ಇನ್ನೂ 60 ಆಗಲಿಲ್ಲ ಅಪ್ಪಯ್ಯ.”

“ಆಗುವವರೆಗೆ ಕಾಯುವುದೆಂತಕ್ಕೆ? ಓಡಿಕೊಂಡು ಏರುತ್ತಾ ಉಂಟಲ್ಲ. ಬೆಂಕಿ ತೆಗೆದ ಮೇಲೂ ಕಾವು ಏರುತ್ತದೆ.”

ಹುಡುಗನು ತಂದೆಯ ಮುಖವನ್ನೇ ಒಂದು ಕ್ಷಣ ನೋಡಿದನು. ಅನಂತರ ನಮ್ಮ ಕಡೆ ತಿರುಗಿ, ಸೂತ್ರದ ಮೂರನೆಯ ಭಾಗವು ಇದೇ ಎಂದೂ, ತಪ್ಪಿನ ವೇಗವೆಂದು ಪುಸ್ತಕದಲ್ಲಿ ಬರೆದಿದ್ದರೂ ಅದನ್ನೇಕೆ ಸೇರಿಸಬೇಕೆಂಬುದು ತನಗೆ ಪರೀಕ್ಷೆಯ ದಿನದವರೆಗೂ ತಿಳಿದಿರಲಿಲ್ಲವೆಂದೂ ಹೇಳಿದನು. ಅದನ್ನು ಬರೆಯುವುದೂ ಕಷ್ಟವಲ್ಲವಂತೆ: ಹಿಂದಿನ ಸಲದ ಅಂಕಿಯನ್ನು ಒಂದು ಹೆಸರಿನಲ್ಲಿ ಜೋಪಾನವಾಗಿಟ್ಟು, ಈ ಸಲದ ಅಂಕಿಯಿಂದ ಕಳೆದರೆ ಎಷ್ಟು ವೇಗದಿಂದ ಏರುತ್ತಿದೆಯೆಂಬುದು ಸಿಗುತ್ತದೆ. ಅಷ್ಟಕ್ಕೆ ತಕ್ಕಂತೆ ಉರಿಯನ್ನು ಮುಂಚಿತವಾಗಿಯೇ ತಗ್ಗಿಸಬೇಕು.

ಕೂಡಿಬಂದ ತಪ್ಪಿನ ಭಾಗವನ್ನು ಗುಮಾಸ್ತರು ನಮಗಿಂತ ಚೆನ್ನಾಗಿ ಬಲ್ಲರು. ಪ್ರತಿ ಸಲದ ಕೊರತೆಯನ್ನೂ ಹಿಂದಿನ ಬಾಕಿಯಾಗಿ ಮುಂದಿನ ಪುಟಕ್ಕೆ ಒಯ್ಯುತ್ತ ಹೋದರೆ, ನಾಲ್ಕು ಡಿಗ್ರಿಯ ಆ ಹಟಮಾರಿ ಕೊರತೆಯು ಕ್ರಮೇಣ ದೊಡ್ಡ ಮೊತ್ತವಾಗಿ ಬೆಳೆದು ಉರಿಯನ್ನು ಹೆಚ್ಚಿಸಿಯೇ ತೀರುತ್ತದೆ. ಇದರಲ್ಲಿಯೂ ಒಂದು ಹೊಂಡವಿದೆ. ನೀರು ತಣ್ಣಗಿರುವ ಮೊದಲಿನ ನಿಮಿಷಗಳಲ್ಲೇ ಬಾಕಿಯು ಬೆಟ್ಟದಷ್ಟಾಗಿ, 60 ದಾಟಿದ ಮೇಲೂ ಹಳೆಯ ಸಾಲವನ್ನು ತೀರಿಸುತ್ತ ಹೀಟರು ಉರಿಯುತ್ತಲೇ ಇರುತ್ತದೆ. ಹೀಟರು ಪೂರ್ತಿ ಉರಿಯುತ್ತಿರುವಾಗ ಬಾಕಿ ಬರೆಯಬಾರದೆಂದು ಹುಡುಗನು ಒಂದು ಸಾಲನ್ನು ಸೇರಿಸಿದ್ದಾನೆ.

ಮೂರು ಭಾಗಗಳನ್ನು ಯಾವ ಯಾವ ಪ್ರಮಾಣದಲ್ಲಿ ಬೆರೆಸಬೇಕು? ಇದಕ್ಕೆ ಝೀಗ್ಲರ್ ಮತ್ತು ನಿಕೋಲ್ಸ್ ಎಂಬಿಬ್ಬರು 1942ರಲ್ಲಿ ಒಂದು ಸರಳ ಕ್ರಮವನ್ನು ತೋರಿಸಿಕೊಟ್ಟರು. ಮೊದಲನೆಯ ಭಾಗವೊಂದನ್ನೇ ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ತೂಗಾಟವು ಹೆಚ್ಚದೆ ತಗ್ಗದೆ ಒಂದೇ ಸಮನಾಗಿ ನಡೆಯುವ ಹಂತವನ್ನು ಹುಡುಕಬೇಕು; ಆ ಭಾಗವನ್ನಷ್ಟೇ ಬಳಸುವುದಾದರೆ ಅದರ ಅರ್ಧವನ್ನಿಟ್ಟುಕೊಳ್ಳಬೇಕು; ಮೂರನ್ನೂ ಬಳಸುವುದಾದರೆ ಅದರ ಹತ್ತರಲ್ಲಿ ಆರು ಪಾಲನ್ನಿಟ್ಟುಕೊಂಡು, ತೂಗಾಟದ ಅವಧಿಯಿಂದ ಉಳಿದೆರಡನ್ನು ಲೆಕ್ಕ ಹಾಕಬೇಕು. ಅದೊಂದು ಆರಂಭವಷ್ಟೆ. ಅಲ್ಲಿಂದ ಮುಂದೆ ಉಪ್ಪು ನೋಡಿ ಹಾಕುವ ಕೆಲಸ.

ರಾತ್ರಿ ಒಂಬತ್ತೂವರೆಯ ತನಕ ತಂದೆಯೂ ಮಗನೂ ಅದನ್ನೇ ಮಾಡಿದರು. ಒಬ್ಬರು “ಸ್ವಲ್ಪ ಕಡಿಮೆ ಮಾಡು” ಎನ್ನುವುದು, ಇನ್ನೊಬ್ಬನು ಅಂಕಿಯನ್ನು ತಿದ್ದುವುದು. ನಾಲ್ಕನೆಯ ಸಲ ನೀರು 61ಕ್ಕೆ ಮುಟ್ಟಿ, 60ಕ್ಕೆ ಬಂದು ನಿಂತಿತು. ಭಟ್ಟರು ಬೆರಳನ್ನು ಪಾತ್ರೆಯ ಅಂಚಿಗೆ ತಾಗಿಸಿ ನೋಡಿ, ಯಂತ್ರದ ಮಾತಿನ ಮೇಲೆ ಅಷ್ಟಾಗಿ ನಂಬಿಕೆಯಿಲ್ಲದವರಂತೆ ತಲೆಯಾಡಿಸಿದರು. ಗಲ್ಲೆಯ ಮಾತನ್ನು ಆ ಸಂಜೆ ಯಾರೂ ಎತ್ತಲಿಲ್ಲ. ಕೆ.ಟಿ.ಯ ಪರೀಕ್ಷೆಗಳು ಮುಂದಿನ ತಿಂಗಳಿಗಿವೆ. ಲಾಪ್ಲಾಸರ ಲೆಕ್ಕಗಳು ಇನ್ನೂ ಹಾಗೆಯೇ ಉಳಿದಿವೆ, ಅವುಗಳಲ್ಲಿ ಭಟ್ಟರಾಗಲಿ ನಾವಾಗಲಿ ನೆರವಾಗಲಾರೆವು. ಬೆಳಗಿನ ಮೊದಲ ಲೋಕಲ್ ಹಿಡಿಯಬೇಕಾಗಿದ್ದುದರಿಂದ ಭಟ್ಟರು ಚಾಪೆ ಬಿಡಿಸಿಕೊಂಡರು. ನಾವು ಹೊರಟಾಗ ಹುಡುಗನು ಪಾತ್ರೆಯಲ್ಲಿದ್ದ ಬಿಸಿನೀರನ್ನು ಚೆಲ್ಲಿ ಮತ್ತೊಮ್ಮೆ ತಣ್ಣೀರನ್ನು ತುಂಬುತ್ತಿದ್ದನು.